ನಾಣ್ಯದ ಮೇಲೆ ಯಾರ ಹೆಸರು?

ರೋಮಿನ ನಾಣ್ಯ ಎಂದರೆ ಮುಖ. ಬೆಂಗಳೂರಿನ ಯಶವಂತಪುರದಲ್ಲಿ 1891ರಲ್ಲಿ ದೊರೆತ ನಿಧಿಯಲ್ಲೂ ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ಆಗಸ್ಟಸ್, ಟೈಬೀರಿಯಸ್ ಚಕ್ರವರ್ತಿಗಳ ಬೆಳ್ಳಿ ನಾಣ್ಯಗಳು ಸಿಕ್ಕಿವೆ. ಆಗಸ್ಟಸ್ ತನ್ನ ಮೊಮ್ಮಕ್ಕಳಾದ ಗಾಯಸ್, ಲೂಸಿಯಸರನ್ನು ನಾಣ್ಯದ ಹಿಂಬದಿಯಲ್ಲಿ ನಿಲ್ಲಿಸಿದ. ಅವನು ಸತ್ತ ಮೇಲೆ ಟೈಬೀರಿಯಸ್ ಅವನನ್ನೇ ದೇವರೆಂದು ಅಚ್ಚೊತ್ತಿಸಿದ. ಸ್ಮರಣೆ ಎಂಬುದು ಅಲ್ಲಿ ಮನೆತನದ ಹಕ್ಕುಪತ್ರ.

ಇದರ ಪಕ್ಕದಲ್ಲಿ ಟಿಪ್ಪುವಿನ ನಾಣ್ಯಗಳನ್ನಿಟ್ಟು ನೋಡಬೇಕು. ನಮ್ಮ ಭಟ್ಕಳ, ಹೊನ್ನಾವರ, ಕುಮಟಾ ಅವನ ಆಳ್ವಿಕೆಯಲ್ಲಿದ್ದವು. ಘಟ್ಟದ ಮೇಲಿನ ನಗರದಲ್ಲಿ ಅವನ ಟಂಕಸಾಲೆಯಿತ್ತು. ಆ ನಾಣ್ಯಗಳಲ್ಲಿ ಅವನ ಮುಖವಿಲ್ಲ, ಹೆಸರೂ ಇಲ್ಲ. ಚಿನ್ನಕ್ಕೆ ಅಹ್ಮದಿ, ಸಿದ್ದೀಕಿ, ಫಾರೂಕಿ. ಬೆಳ್ಳಿಯ ರೂಪಾಯಿಗೆ ಇಮಾಮಿ, ಚಿಲ್ಲರೆಗೆ ಆಬಿದಿ, ಬಾಕಿರಿ, ಜಾಫರಿ, ಕಾಜಿಮಿ. ಖಲೀಫರೂ ಇಮಾಮರೂ ಒಂದೇ ಥೈಲಿಯಲ್ಲಿ! ಸುನ್ನಿ-ಶಿಯಾ ಎಂದು ಬೇಲಿ ಹಾಕುವವರು ಇದನ್ನೊಮ್ಮೆ ಬಿಚ್ಚಿ ನೋಡಲಿ.

ಆದರೆ ಇದನ್ನು ಬರೀ ವಿನಯವೆಂದು ಹೊಗಳುವುದು ನಮಗೆ ಒಪ್ಪಿಗೆಯಿಲ್ಲ. ಎರಡು ರೂಪಾಯಿಯ 'ಹೈದರಿ' ಹಜರತ್ ಅಲಿಯವರ ಬಿರುದೂ ಹೌದು, ಟಿಪ್ಪುವಿನ ತಂದೆಯ ಹೆಸರೂ ಹೌದು. ಮನೆತನ ಇಲ್ಲಿ ಹಿಂಬಾಗಿಲಿನಿಂದ ಒಳಬಂದಿದೆ. ಇನ್ನು ಇದನ್ನು ಮತಾಂಧತೆ ಎನ್ನುವವರು ತಾಮ್ರದ ಕಾಸು ನೋಡಿದಂತಿಲ್ಲ. ಬಡವರ ಕೈಗೆ ಬರುತ್ತಿದ್ದ ಪೈಸೆ ಜುಹ್ರಾ, ಅಂದರೆ ಶುಕ್ರ; ಅರ್ಧ ಪೈಸೆ ಬಹರಾಮ್, ಮಂಗಳ; ಅದಕ್ಕೂ ಕೆಳಗೆ ಅಖ್ತರ್, ಕುತುಬ್, ಎಂದರೆ ನಕ್ಷತ್ರ ಮತ್ತು ಧ್ರುವ. ಫಾರಸಿ ಬಾರದ ಮೀನು ಮಾರುವವಳಿಗೂ ಅದರ ಮೇಲಿನ ಆನೆ ಗುರುತು ಸಿಗುತ್ತಿತ್ತು.

ಹೈದರಲಿಯಾದರೋ ಚಿನ್ನದ ವರಹದ ಮೇಲೆ ಶಿವಪಾರ್ವತಿಯರನ್ನು ಹಾಗೆಯೇ ಉಳಿಸಿ, ಹಿಂಬದಿಗೆ ತನ್ನ ಹೆಸರಿನ ಮೊದಲಕ್ಷರವನ್ನಷ್ಟೇ ಹಾಕಿಸಿದ್ದ. ಮಗನ ಚಿನ್ನದಲ್ಲಿ ಆ ಜೋಡಿ ಇಲ್ಲ. ಟಿಪ್ಪುವನ್ನು ಮೆಚ್ಚುವ ನಾವೇ ಇದನ್ನು ಹೇಳಬೇಕಾಗಿದೆ.