ದುರ್ಗಾಸ್ತಮಾನದ ಅನಂತರ

ತ. ರಾ. ಸುಬ್ಬರಾಯರ ‘ದುರ್ಗಾಸ್ತಮಾನ’ವು ಪ್ರಕಟವಾದುದು 1982ರಲ್ಲಿ. ಗ್ರಂಥಕರ್ತರು 1984ರಲ್ಲಿ ದಿವಂಗತರಾದರು. ಮರುವರ್ಷ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯು ಗ್ರಂಥಕ್ಕೆ ಸಂದಿತು. ಕಥಾನಾಯಕನು ಮದಕರಿಯೋ ಅಥವಾ ಚಿತ್ರದುರ್ಗದ ಏಳುಸುತ್ತಿನ ಕೋಟೆಯೋ ಎಂದು ವಾಚಕನು ಸಂಶಯಪಡುವಷ್ಟರ ಮಟ್ಟಿಗೆ ಅಲ್ಲಿ ಕಲ್ಲಿಗೂ ಪ್ರಾಣ ಬಂದಿದೆ. ಆದುದರಿಂದ ನಮ್ಮ ಆಕ್ಷೇಪವು ಕೃತಿಯ ಗುಣವನ್ನು ಕುರಿತುದಲ್ಲ, ಅದು ನಿಲ್ಲುವ ಸ್ಥಳವನ್ನು ಕುರಿತುದು. ಹೆಸರೇ ಸೂಚಿಸುವಂತೆ ಕೋಟೆಯು ಅಸ್ತಮಿಸುವುದರೊಡನೆ ಕಥೆಗೆ ತೆರೆ ಬೀಳುತ್ತದೆ. ಯುದ್ಧದ ರಾಜಕೀಯ ಫಲವಾದರೋ ಆ ದಿನದಿಂದಲೇ ಮೊದಲಾಗತಕ್ಕುದು.

1779ರಲ್ಲಿ ಹೈದರಲಿಯು ದುರ್ಗವನ್ನು ಹಿಡಿದನೆಂಬುದು ಸರ್ವವಿದಿತವಷ್ಟೆ. ಆದರೆ ಕರ್ನಲ್ ವಿಲ್ಕ್ಸನ ಇತಿಹಾಸವೂ ರೈಸ್ ಅವರ ಗೆಜೆಟಿಯರೂ ಹೇಳುವ ಮತ್ತೊಂದು ಸಂಗತಿಯನ್ನು ನಮ್ಮ ಕವಿಗಳೂ ಉಪಾಧ್ಯಾಯರೂ ಒಂದು ವಾಕ್ಯದಲ್ಲಿ ದಾಟಿಬಿಡುತ್ತಾರೆ. ಬೇಡರಲ್ಲಿ 20,000 ಜನರನ್ನು ನೆಲದಿಂದ ಕಿತ್ತು ಶ್ರೀರಂಗಪಟ್ಟಣದ ದ್ವೀಪಕ್ಕೆ ಸಾಗಿಸಲಾಯಿತು. ಅವರ ಬಲವನ್ನು ಮುರಿಯುವುದೇ ಉದ್ದೇಶ. ಹುಡುಗರನ್ನು ಆರಿಸಿ, ಮತಾಂತರಗೊಳಿಸಿ, ಚೇಲಾ ಎಂಬ ದಳಗಳನ್ನು ಕಟ್ಟಲಾಯಿತು. ತಂದೆಯ ನಾಡನ್ನು ಗೆದ್ದವನ ಪಡೆಯಲ್ಲಿಯೇ ಮಗನು ಬಂದೂಕವನ್ನು ಹೊತ್ತನು.

ಇದನ್ನು ಒಬ್ಬ ದೊರೆಯ ಕ್ರೌರ್ಯವೆಂದೋ ಒಂದು ಮತದ ದೋಷವೆಂದೋ ಬರೆಯುವವರಿಗೆ ಒಂದು ಮಾತು. 1909ರಲ್ಲಿ ಶಾಮಾಶಾಸ್ತ್ರಿಗಳು ಮೈಸೂರಿನಲ್ಲಿ ಅಚ್ಚು ಹಾಕಿಸಿದ ಅರ್ಥಶಾಸ್ತ್ರದ ಲಬ್ಧಪ್ರಶಮನ ಪ್ರಕರಣವನ್ನು ತೆರೆದು ನೋಡಲಿ. ಗೆದ್ದ ನಾಡಿನ ಜನರ ವೇಷಭಾಷೆಗಳನ್ನು ಗೌರವಿಸೆಂದು ಹೇಳುವ ಕೌಟಿಲ್ಯನೇ, ಅಪಾಯಕರರೆಂದು ತೋರುವ ಜನಾಂಗಗಳನ್ನೂ ದುರ್ಗದ ಮುಖ್ಯರನ್ನೂ ಸ್ಥಾನವಿಪರ್ಯಾಸಗೊಳಿಸಿ, ಒಂದೆಡೆ ನಿಲ್ಲದಂತೆ ಚದುರಿಸಬೇಕೆಂದು ವಿಧಿಸುತ್ತಾನೆ. ಟೀಪುವು ಶಿರಾದಿಂದ 12,000 ಕುಟುಂಬಗಳನ್ನು ತಂದು ಗಂಜಾಮಿನಲ್ಲಿ ನೆಲೆಗೊಳಿಸಿದುದು ಶಿಕ್ಷೆಗಾಗಿ ಅಲ್ಲ, ರಾಜಧಾನಿಗೆ ಕಸುಬುದಾರರು ಬೇಕೆಂದು. ಉದ್ದೇಶ ಬೇರೆ, ಊರು ಬಿಟ್ಟವರ ಪಾಡು ಎಷ್ಟುಮಟ್ಟಿಗೆ ಬೇರೆಯಾಗಿದ್ದೀತು?

ಇದರ ಫಲವನ್ನು ನೋಡಲು ಬಹಳ ಕಾಲ ಬೇಕಾಗಲಿಲ್ಲ. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದು ರಾಜ್ಯವು ಹಂಚಿಕೆಯಾದಾಗ ದುರ್ಗವು ಮೈಸೂರಿನ ಅರಸರಿಗೆ ಹೋಯಿತೇ ಹೊರತು ನಾಯಕರ ಮನೆತನಕ್ಕೆ ಮರಳಲಿಲ್ಲ. ನಮಗೆ ತೋರುವ ಮಟ್ಟಿಗೆ, ಆ ಮನೆತನಕ್ಕಾಗಿ ಕೇಳುವ ಜನಬಲವು ಇಪ್ಪತ್ತು ವರ್ಷಗಳ ಹಿಂದೆಯೇ ಚದುರಿಹೋಗಿತ್ತು.

ಇಲ್ಲಿ ಶೃಂಗೇರಿಯ ವಿಷಯವನ್ನು ಹೋಲಿಸಬಹುದು. 1791ರಲ್ಲಿ ಪರಶುರಾಮಭಾವುವಿನ ಮರಾಠಾ ದಂಡಿನೊಡನೆ ಬಂದ ಲೂಟಿಗಾರರು ಮಠವನ್ನು ಸೂರೆಗೊಂಡರು. ಆ ಸಂಬಂಧವಾಗಿ ಟೀಪುವು ಸ್ವಾಮಿಗಳಿಗೆ ಬರೆದ ಕನ್ನಡ ಕಾಗದಗಳು 1916ರಲ್ಲಿ ಆರ್. ನರಸಿಂಹಾಚಾರ್ಯರ ಕಣ್ಣಿಗೆ ಬಿದ್ದುವು. ಇಂದಿಗೂ ಆ ಸೂರೆಯನ್ನು ಕುರಿತು ವಾದ ನಡೆಯುತ್ತದೆ, ಏಕೆಂದರೆ ಮಠಕ್ಕೆ ಕಡತವಿತ್ತು. ಸಾಗಿಸಲ್ಪಟ್ಟ ಬೇಡರಿಗೆ ಕಡತವಿಲ್ಲ. ಅವರ ಪರವಾಗಿ ಇರುವುದು ಗೆಜೆಟಿಯರಿನ ಒಂದು ಅಂಕೆ. ಇಂತಹ ಕಡೆಯಲ್ಲಿಯೇ ಕಾದಂಬರಿಕಾರನ ಕೆಲಸವಿರುವುದು. ಒಬವ್ವನ ಕಿಂಡಿಯನ್ನು ಮಕ್ಕಳೂ ಬಲ್ಲರು, 1972ರ ‘ನಾಗರಹಾವು’ ಚಿತ್ರದ ಅನಂತರವಂತೂ ಕೇಳಬೇಕಾದುದಿಲ್ಲ. ಶ್ರೀರಂಗಪಟ್ಟಣದವರೆಗಿನ ಇನ್ನೂರು ಕಿಲೋಮೀಟರಿಗೂ ಮೇಲ್ಪಟ್ಟ ದಾರಿಯನ್ನು ನಡೆದ ತಾಯಂದಿರನ್ನು, ನಾವು ಓದಿದ ಮಟ್ಟಿಗೆ, ಯಾರೂ ಕಾವ್ಯವಸ್ತುವಾಗಿ ಎತ್ತಿಕೊಂಡಿಲ್ಲ.

ವೀರರಸಕ್ಕೆ ಇದರಿಂದ ಭಂಗವೆಂದು ಹೇಳುವವರುಂಟು. ವ್ಯಾಸರು ಹಾಗೆಣಿಸಲಿಲ್ಲ. ದುರ್ಯೋಧನನ ತೊಡೆ ಮುರಿದಲ್ಲಿಗೆ ಭಾರತವು ಮುಗಿಯುವುದಿಲ್ಲ. ಮೌಸಲಪರ್ವದಲ್ಲಿ ಅರ್ಜುನನು ದ್ವಾರಕೆಯ ಹೆಂಗಸರನ್ನೂ ಮುದುಕರನ್ನೂ ಮಕ್ಕಳನ್ನೂ ಕರೆದುಕೊಂಡು ಹೊರಟು, ದಾರಿಯಲ್ಲಿ ಆಭೀರರ ಕೈಗೆ ಸೋತು, ಉಳಿದವರನ್ನು ಮಾರ್ತಿಕಾವತ, ಇಂದ್ರಪ್ರಸ್ಥ ಮೊದಲಾದ ಕಡೆ ನೆಲೆಗೊಳಿಸುವನು. ವೃಷ್ಣಿಪಾಂಡವರ ಈ ವಿರಸಾವಸಾನವನ್ನು ಹಿಡಿದೇ ಆನಂದವರ್ಧನನು ಭಾರತಕ್ಕೆ ಶಾಂತವೇ ಅಂಗಿರಸವೆಂದು ಸಾಧಿಸಿದನು.

ನಾವಿರುವ ಮಲೆಬೆನ್ನೂರು ಹರಿಹರ ತಾಲ್ಲೂಕಿನದು. ಈ ತಾಲ್ಲೂಕು 1997ರವರೆಗೂ ಚಿತ್ರದುರ್ಗ ಜಿಲ್ಲೆಯಲ್ಲಿತ್ತು. ಇದೇ ತಾಲ್ಲೂಕಿನ ರಾಜನಹಳ್ಳಿಯಲ್ಲಿ ವಾಲ್ಮೀಕಿ ಗುರುಪೀಠವಿದೆ. ಬೇಡ, ನಾಯಕ, ವಾಲ್ಮೀಕಿ ಎಂಬ ಹೆಸರುಗಳು 1991ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದುವು. 2019ರಲ್ಲಿ ಮೀಸಲಾತಿಯನ್ನು ಹೆಚ್ಚಿಸಬೇಕೆಂದು ಇಲ್ಲಿಂದ ಬೆಂಗಳೂರಿಗೆ ಪಾದಯಾತ್ರೆ ಹೊರಟಿತು; 2022ರಲ್ಲಿ ಸರ್ಕಾರವು ಅದನ್ನು ಶೇಕಡಾ 3ರಿಂದ 7ಕ್ಕೆ ಏರಿಸಿತು. 1779ಕ್ಕೂ ಇದಕ್ಕೂ ನೇರವಾದ ಕಾರ್ಯಕಾರಣಭಾವವನ್ನು ಕಲ್ಪಿಸುವುದು ಸಾಹಸವೇ ಸರಿ. ನಡುವೆ ಬರಗಾಲಗಳೂ ಕಂಪೆನಿಯ ಆಡಳಿತವೂ ಭೂಮಿಯ ಪ್ರಶ್ನೆಯೂ ಇವೆ. ಆದರೆ ಈ ಜನರ ಸಭೆಗಳಲ್ಲಿ ಮದಕರಿಯ ಹೆಸರು ಇನ್ನೂ ರಾಜಕೀಯ ಬಲವುಳ್ಳದ್ದಾಗಿರುವುದಕ್ಕೆ ಕಾರಣವನ್ನು ಕೋಟೆಯ ಕಲ್ಲುಗಳಲ್ಲಿ ಮಾತ್ರ ಹುಡುಕಿದರೆ ಸಾಲದು.

ತರಗತಿಗಳಲ್ಲಿ ‘ದುರ್ಗಾಸ್ತಮಾನ’ವನ್ನು ಪಾಠಹೇಳುವ ಮಿತ್ರರು ಅದರ ಕೊನೆಯ ಅಧ್ಯಾಯವನ್ನು ಮುಗಿಸಿದ ಮರುದಿನ ರೈಸ್ ಅವರ ಆ ನಾಲ್ಕು ಪಂಕ್ತಿಗಳನ್ನು ಓದಿಸಲಿ, ಬಳಿಕ ಮೌಸಲಪರ್ವದ ಏಳನೆಯ ಅಧ್ಯಾಯವನ್ನು.