ಬೇಡನ ಹಸಿವು, ಕ್ಯಾಮೆರಾದ ಕಣ್ಣು

‘ಬೇಡರ ಕಣ್ಣಪ್ಪ’ವನ್ನು ನಾವು ಭಕ್ತಿಯ ಚಿತ್ರವೆಂದೇ ನೋಡುತ್ತ ಬಂದಿದ್ದೇವೆ. ಗುಬ್ಬಿ ವೀರಣ್ಣನವರ ಸಂಸ್ಥೆ ಎವಿಎಂ ಸ್ಟುಡಿಯೊ ಜೊತೆ ಕೈಜೋಡಿಸಿ, ಎಚ್.ಎಲ್.ಎನ್. ಸಿಂಹ ನಿರ್ದೇಶಿಸಿದ ಈ ಚಿತ್ರ ತೆರೆಗೆ ಬಂದದ್ದು 1954ರಲ್ಲಿ. ರಾಜಕುಮಾರ್ ನಾಯಕನಟರಾದದ್ದು ಇದರಿಂದಲೇ. ಚೆನ್ನೈನ ವಡಪಳನಿಯ ಆರ್ಕಾಟ್ ರಸ್ತೆಯಲ್ಲಿ ಎವಿಎಂ ಗೋಳದ ಮುಂದೆ ದಿನವೂ ಹಾದುಹೋಗುವ ಕನ್ನಡಿಗನಾಗಿ ನಾನು ಆ ಚಿತ್ರವನ್ನು ಇತ್ತೀಚೆಗೆ ಮತ್ತೆ ನೋಡಿದೆ. ಈ ಸಲ ಕಣ್ಣಿಗೆ ಕಟ್ಟಿದ್ದು ಭಕ್ತಿಗಿಂತ ಹೆಚ್ಚಾಗಿ ಹಸಿವು. ಸಿ.ಎಸ್. ಜಯರಾಮನ್ ಹಾಡಿದ, ಇಂದಿಗೂ ಎಲ್ಲರ ಬಾಯಲ್ಲಿರುವ ಆ ಹಾಡು ಮೋಕ್ಷ ಕೇಳುವ ಹಾಡಲ್ಲ. ಹೊಟ್ಟೆ ಹಸಿದ ಬೇಡನೊಬ್ಬ ಶಿವನಿಗೆ ಇಡುವ ಮೊರೆ ಅದು.

ಇದರ ಪಕ್ಕದಲ್ಲಿ ಇಟ್ಟು ನೋಡಬೇಕಾದ ಇನ್ನೊಂದು ಬೇಡನ ಚಿತ್ರವಿದೆ: ರಾಬರ್ಟ್ ಫ್ಲಾಹರ್ಟಿಯ ‘ನಾನೂಕ್ ಆಫ್ ದಿ ನಾರ್ತ್’, 1922ರದು. ಸಾಕ್ಷ್ಯಚಿತ್ರಗಳ ಚರಿತ್ರೆ ಬರೆಯುವವರಲ್ಲಿ ಹಲವರು ಇದರಿಂದಲೇ ಶುರುಮಾಡುತ್ತಾರೆ. ಕೆನಡಾದ ಹಡ್ಸನ್ ಕೊಲ್ಲಿಯ ಪೂರ್ವ ದಂಡೆಯಲ್ಲಿ, ಈಗ ಇನುಕ್ಜುವಾಕ್ ಎನ್ನುವ ಊರಿನ ಆಸುಪಾಸಿನಲ್ಲಿ, ಮೂಲನಿವಾಸಿ ಇನುಯಿಟ್ ಕುಟುಂಬವೊಂದು ಮಂಜಿನ ನಡುವೆ ಅನ್ನ ಹುಡುಕುವ ಕಥೆ. ಹಿಮದ ಹಾಸಿನಲ್ಲೊಂದು ಸಣ್ಣ ತೂತು. ಉಸಿರಾಡಲು ಸೀಲ್ ಅಲ್ಲಿಗೆ ಬರಲೇಬೇಕು. ಅದನ್ನೇ ಕಾದು ನಿಂತ ನಾನೂಕ್ ಈಟಿ ಎಸೆಯುತ್ತಾನೆ. ಹಗ್ಗ ಅವನನ್ನು ಎಳೆಯುತ್ತದೆ, ಅವನು ಹಗ್ಗವನ್ನು ಎಳೆಯುತ್ತಾನೆ, ಜಾರಿ ಬೀಳುತ್ತಾನೆ, ಮತ್ತೆ ಏಳುತ್ತಾನೆ. ಕೊನೆಗೆ ಮನೆಯವರು ಓಡಿಬಂದು ಕೈಹಚ್ಚುತ್ತಾರೆ, ಸೀಲನ್ನು ಅಲ್ಲೇ ಕೊಯ್ದು ಹಸಿಯಾಗಿ ತಿನ್ನುತ್ತಾರೆ.

ನೂರು ವರ್ಷ ಕಳೆದರೂ ಈ ದೃಶ್ಯದ ಬಿಗಿ ಸಡಿಲವಾಗಿಲ್ಲ. ಆದರೆ ಸೀಲ್ ಮೊದಲೇ ಸತ್ತಿತ್ತು. ಹಗ್ಗದ ಇನ್ನೊಂದು ತುದಿಯನ್ನು ಕ್ಯಾಮೆರಾದ ಆಚೆ ನಿಂತವರು ಎಳೆಯುತ್ತಿದ್ದರು. ನಾನೂಕನ ನಿಜವಾದ ಹೆಸರು ಅಲ್ಲಾಕರಿಯಾಲ್ಲಾಕ್. ಆ ಕಾಲಕ್ಕೆ ಇನುಯಿಟ್ ಬೇಟೆಗಾರರ ಕೈಗೆ ಬಂದೂಕು ಬಂದಾಗಿತ್ತು. ಈಟಿ ಹಿಡಿಸಿದ್ದು ನಿರ್ದೇಶಕ. ವಿಮರ್ಶಕರು ದಶಕಗಳಿಂದ ಎತ್ತುತ್ತಿರುವ ಆಕ್ಷೇಪ ಇದೇ. ನನಗೆ ಇದು ದೊಡ್ಡ ತಪ್ಪೆನಿಸುವುದಿಲ್ಲ. ನಟನೆಯಿಲ್ಲದೆ ಸಿನಿಮಾ ಇಲ್ಲವೆಂಬುದು ವಡಪಳನಿಯಲ್ಲಿ ಇರುವವರಿಗೆ ಹೇಳಿಕೊಡಬೇಕಾದ ವಿಷಯವೇನಲ್ಲ.

ನನ್ನ ತಕರಾರು ಬೇರೆ. ಆ ಚಿತ್ರಕ್ಕೆ ಹಣ ಹಾಕಿದ್ದು ರೆವಿಲ್ಲಾನ್ ಫ್ರೇರ್ ಎಂಬ ತುಪ್ಪಳದ ವ್ಯಾಪಾರಿ ಕಂಪನಿ. ನಾನೂಕ್ ನರಿಯ ಚರ್ಮಗಳನ್ನು ಹೊತ್ತು ವ್ಯಾಪಾರದ ಕಟ್ಟೆಗೆ ಬರುವ ದೃಶ್ಯವೊಂದಿದೆ. ಅಲ್ಲಿ ವ್ಯಾಪಾರಿ ಅವನ ಮಕ್ಕಳಿಗೆ ಬಿಸ್ಕತ್ತು ಮತ್ತು ಹಂದಿಕೊಬ್ಬು ತಿನ್ನಿಸುತ್ತಾನೆ, ಹೊಟ್ಟೆ ಕೆಟ್ಟ ಮಗುವಿಗೆ ಹರಳೆಣ್ಣೆ ಕುಡಿಸುತ್ತಾನೆ. ಫ್ಲಾಹರ್ಟಿ ಅದನ್ನು ನಗೆಯ ದೃಶ್ಯವಾಗಿ ತೆಗೆದಿದ್ದಾನೆ. ಇಡೀ ಚಿತ್ರದಲ್ಲಿ ನಿಜವಾಗಿ ಗಂಭೀರವಾದದ್ದು ಅದೊಂದೇ. ಹೊಟ್ಟೆಗಾಗುವ ಸೀಲನ್ನು ಬಿಟ್ಟು ಮಾರಾಟಕ್ಕಾಗುವ ನರಿಯ ಹಿಂದೆ ಬಿದ್ದ ಕುಟುಂಬದ ಊಟ, ದೂರದ ಪೇಟೆಯ ತುಪ್ಪಳದ ಬೆಲೆಗೆ ಗಂಟುಬೀಳುತ್ತದೆ. ಚಿತ್ರ ಮಾತ್ರ ಹಸಿವಿನ ಹೊಣೆಯನ್ನೆಲ್ಲ ಮಂಜು ಗಾಳಿಗಳ ಮೇಲೆ ಹಾಕಿ ಕೈತೊಳೆದುಕೊಳ್ಳುತ್ತದೆ. ಅಲ್ಲಾಕರಿಯಾಲ್ಲಾಕ್ ಸತ್ತಾಗ ಬೇಟೆ ಸಿಗದೆ ಹಸಿದು ಸತ್ತನೆಂದು ಫ್ಲಾಹರ್ಟಿ ಹೇಳಿದ. ಅವನ ಪ್ರಾಣ ತೆಗೆದದ್ದು ಬಹುಶಃ ಕ್ಷಯ ಎಂಬುದು ಆಮೇಲಿನವರ ಅಭಿಪ್ರಾಯ.

ಮುಂದೆ ನಡೆದದ್ದು ಇನ್ನೂ ಕಠೋರ. 1953ರಲ್ಲಿ ಕೆನಡಾ ಸರ್ಕಾರ ಇದೇ ಇನುಕ್ಜುವಾಕ್‌ನ ಕುಟುಂಬಗಳನ್ನು ಸುಮಾರು ಎರಡು ಸಾವಿರ ಕಿಲೋಮೀಟರ್ ಉತ್ತರಕ್ಕೆ, ಗ್ರೀಸ್ ಫಿಯೋರ್ಡ್ ಮತ್ತು ರೆಸಲ್ಯೂಟ್ ಎಂಬಲ್ಲಿಗೆ ಸಾಗಿಸಿತು. ಅಲ್ಲಿ ಬೇಟೆ ಚೆನ್ನಾಗಿದೆ ಎಂಬುದು ಕೊಟ್ಟ ಕಾರಣ. ತಿಂಗಳುಗಟ್ಟಲೆ ಸೂರ್ಯನಿಲ್ಲದ ಆ ನೆಲದ ಪ್ರಾಣಿಗಳ ಜಾಡು ಇವರಿಗೆ ಗೊತ್ತಿರಲಿಲ್ಲ. ಕಣ್ಣೆದುರಿದ್ದ ಕಸ್ತೂರಿ ಎತ್ತನ್ನು ಕೊಲ್ಲಲು ಕಾನೂನು ಬಿಡಲಿಲ್ಲ. 1955ರಲ್ಲಿ ಹೋದವರಲ್ಲಿ ಇನುಯಿಟ್ ಹೆಂಗಸಿನಲ್ಲಿ ಫ್ಲಾಹರ್ಟಿಗೆ ಹುಟ್ಟಿದ ಮಗ ಜೋಸೆಫಿಯೂ ಇದ್ದ. ಸರ್ಕಾರ ಕ್ಷಮೆ ಕೇಳಿದ್ದು 2010ರಲ್ಲಿ.

ಈಗ ಮಂಜೂ ಕೈಕೊಡುತ್ತಿದೆ. ಉತ್ತರ ಧ್ರುವ ಪ್ರದೇಶ ಜಗತ್ತಿನ ಸರಾಸರಿಗಿಂತ ಸುಮಾರು ನಾಲ್ಕು ಪಟ್ಟು ಬೇಗ ಬಿಸಿಯಾಗುತ್ತಿದೆ. ಸಮುದ್ರದ ಹಿಮ ತಡವಾಗಿ ಕಟ್ಟಿ ಬೇಗ ಒಡೆಯುವುದರಿಂದ ಅಜ್ಜಂದಿರು ತೋರಿಸಿದ ದಾರಿಯನ್ನು ನಂಬಿ ಹೋಗುವಂತಿಲ್ಲ. ಬೇಟೆಗೆ ಹೋಗದ ದಿನ ವಿಮಾನದಲ್ಲಿ ಬಂದ ದುಬಾರಿ ಸಾಮಾನೇ ಗತಿ. ಉತ್ತರ ಕೆನಡಾದ ನುನಾವುಟ್‌ನಲ್ಲಿ 2007-08ರಲ್ಲಿ ನಡೆದ ಸಮೀಕ್ಷೆಯಂತೆ, ಇನುಯಿಟರ ಹತ್ತು ಮನೆಗಳಲ್ಲಿ ಸುಮಾರು ಏಳಕ್ಕೆ ಊಟದ ಭರವಸೆ ಇರಲಿಲ್ಲ.

ಕಣ್ಣಪ್ಪನತ್ತ ತಿರುಗೋಣ. ಪುರಾಣದ ಕಥೆ, ಗಂಧರ್ವರ ಶಾಪ, ಬಣ್ಣ ಬಳಿದ ಗಿಡಮರ, ಎಲ್ಲ ಸರಿಯೇ. ಆದರೂ ಒಂದು ವಿಷಯದಲ್ಲಿ ‘ನಾನೂಕ್’ಗಿಂತ ಇದು ಪ್ರಾಮಾಣಿಕ ಚಿತ್ರ. ತಾನು ತಿನ್ನುವ ಮಾಂಸವನ್ನೇ ಬೇಡ ದೇವರಿಗೆ ಇಡುತ್ತಾನೆ. ಅದು ಮೈಲಿಗೆ ಎನ್ನುವ ಪೂಜಾರಿ ತೆರೆಯ ಮೇಲೇ ಇದ್ದಾನೆ. ಯಾರ ಅನ್ನ ಅನ್ನ, ಯಾರದು ಅಲ್ಲ ಎಂದು ತೀರ್ಮಾನಿಸುವ ಅಧಿಕಾರಕ್ಕೆ ಇಲ್ಲೊಂದು ಮುಖವಿದೆ, ಮಾತಿದೆ. ಫ್ಲಾಹರ್ಟಿ ತನಗೆ ಹಣ ಕೊಟ್ಟ ಕಂಪನಿಗೆ ಅಂಥ ಮುಖ ಕೊಡಲಿಲ್ಲ. ಸಿಂಹರ ಚಿತ್ರ ಸೋಲುವುದು ಕೊನೆಯಲ್ಲಿ: ಕಣ್ಣು ಕಿತ್ತುಕೊಟ್ಟ ಬೇಡ ದೇವರ ಸನ್ನಿಧಿ ಸೇರುತ್ತಾನೆ, ಹಟ್ಟಿಯಲ್ಲಿ ಉಳಿದವರು ನಾಳೆ ಏನು ತಿಂದಾರು ಎಂಬ ಪ್ರಶ್ನೆಯನ್ನು ಭಕ್ತಿ ನುಂಗಿಬಿಡುತ್ತದೆ.

ರಾಜಕುಮಾರರ ಗಾಜನೂರು ಇಂದು ತಮಿಳುನಾಡಿನ ಈರೋಡ್ ಜಿಲ್ಲೆಯ ತಾಳವಾಡಿ ಸೀಮೆಯಲ್ಲಿದೆ. ಅಲ್ಲಿಂದ ಬಿಳಿಗಿರಿರಂಗನ ಬೆಟ್ಟದವರೆಗೆ ಹಬ್ಬಿದ ಕಾಡಿನಲ್ಲಿ ಸೋಲಿಗ ಬುಡಕಟ್ಟಿನವರ ಪೋಡುಗಳು, ಅಂದರೆ ಹಟ್ಟಿಗಳು, ಇವೆ. ಅವರ ತಟ್ಟೆಯ ಕಥೆ ಹೇಳುವ ಕಣ್ಣಪ್ಪ ಇನ್ನೂ ಬಂದಿಲ್ಲ. ರಾಗಿ, ಕಾಡುಗೆಣಸು, ನೂರೆಂಟು ಬಗೆಯ ಸೊಪ್ಪು, ಅಣಬೆ, ಜೇನು ಅವರ ಆಹಾರವಾಗಿತ್ತು. ಗೆಣಸು ಅಗೆದರೆ ಬಳ್ಳಿಯ ಬುಡವನ್ನು ಮಣ್ಣಿಗೆ ಮರಳಿಸುತ್ತಾರೆ, ಜೇನು ಇಳಿಸಿದರೆ ಹುಳುಗಳ ಪಾಲು ಬಿಡುತ್ತಾರೆ. 1972ರ ವನ್ಯಜೀವಿ ಕಾನೂನು ಬೇಟೆ ನಿಲ್ಲಿಸಿತು. 1974ರಲ್ಲಿ ಬೆಟ್ಟ ಅಭಯಾರಣ್ಯವಾದ ಮೇಲೆ ಜಾಗ ಬದಲಿಸುತ್ತ ಬೇಸಾಯ ಮಾಡುವಂತಿಲ್ಲ. ಬೇಸಿಗೆಗೆ ಮುಂಚೆ ನೆಲದ ಎಲೆ ಮಾತ್ರ ಸುಡುವಂತೆ ಹಾಕುತ್ತಿದ್ದ ತರಗು ಬೆಂಕಿಯನ್ನೂ ಹಾಕುವಂತಿಲ್ಲ. ಬೆಂಕಿ ನಿಂತದ್ದರಿಂದ ಲಂಟಾನ ಕಾಡು ತುಂಬಿತು, ನೆಲ್ಲಿಮರಗಳಿಗೆ ಬದನಿಕೆ ಹತ್ತಿತು ಎನ್ನುತ್ತಾರೆ ಸೋಲಿಗರು. ಲಂಟಾನದ ಪೊದೆಯಡಿ ಗೆಣಸಿನ ಬಳ್ಳಿ ಕಾಣುವುದಾದರೂ ಹೇಗೆ? 2011ರ ಜನವರಿಯಲ್ಲಿ ಬೆಟ್ಟ ಹುಲಿ ರಕ್ಷಿತಾರಣ್ಯವಾಯಿತು. ಅದೇ ವರ್ಷ ಅಕ್ಟೋಬರಿನಲ್ಲಿ 2006ರ ಅರಣ್ಯ ಹಕ್ಕು ಕಾಯ್ದೆಯಡಿ 25 ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಪತ್ರ ಸಿಕ್ಕಿತು. ಇದು ಸಣ್ಣ ಗೆಲುವಲ್ಲ. ಆದರೆ ಹಕ್ಕುಪತ್ರಕ್ಕೂ ತಟ್ಟೆಗೂ ನಡುವೆ ಅರಣ್ಯ ಇಲಾಖೆಯ ಚೆಕ್‌ಪೋಸ್ಟು ಇದೆ, ರೇಷನ್ ಅಂಗಡಿಯ ಅಕ್ಕಿ ಇದೆ, ರಾಗಿ ಹೊಲಕ್ಕೆ ನುಗ್ಗುವ ಆನೆ, ಹಂದಿಗಳಿವೆ. ಸಿನಿಮಾಕ್ಕೆ ಇಷ್ಟು ಸಾಲದೆ?

ಇನುಯಿಟರು ಈ ಪ್ರಶ್ನೆಗೆ ತಾವೇ ಉತ್ತರ ಕೊಟ್ಟಿದ್ದಾರೆ. ಅಲೆಥಿಯಾ ಅರ್ನಾಕುಕ್-ಬರಿಲ್ ಎಂಬ ಇನುಯಿಟ್ ನಿರ್ದೇಶಕಿಯ ‘ಆಂಗ್ರಿ ಇನುಕ್’ 2016ರ ಚಿತ್ರ. ಸೀಲ್ ಚರ್ಮದ ಮೇಲೆ ಯುರೋಪು ಹಾಕಿದ ನಿಷೇಧ ಬೇಟೆಗಾರನ ಮನೆಯ ಒಲೆಯನ್ನು ಹೇಗೆ ಮುಟ್ಟಿತೆಂದು ಅದು ತೋರಿಸುತ್ತದೆ. ಯುರೋಪು ಇನುಯಿಟರಿಗೆ ವಿನಾಯಿತಿ ಕೊಟ್ಟರೂ ಪೇಟೆ ಕುಸಿಯಿತು, ಬಂದೂಕಿನ ಗುಂಡಿಗೂ ಪೆಟ್ರೋಲಿಗೂ ದುಡ್ಡು ಹುಟ್ಟದಾಯಿತು. ಚಿತ್ರ ಒಂದೇ ಪಕ್ಷದ ವಾದ ಮಾಡುತ್ತದೆ, ಅಲ್ಲಲ್ಲಿ ಎಳೆಯುತ್ತದೆ. ಆದರೆ ಫ್ಲಾಹರ್ಟಿ ನಗೆಯಲ್ಲಿ ತೇಲಿಸಿಬಿಟ್ಟ ವ್ಯಾಪಾರವನ್ನೂ ಹೊರಗಿಟ್ಟ ಕಾನೂನನ್ನೂ ಚೌಕಟ್ಟಿನೊಳಗೆ ಎಳೆದು ತಂದು ಕೂರಿಸುತ್ತದೆ. ಮೂರರಲ್ಲಿ ನನ್ನ ಮತ ಇದಕ್ಕೇ.

ಕನ್ನಡದಲ್ಲಿ ಚಿತ್ರ ತೆಗೆಯುವ ಗೆಳೆಯರಲ್ಲಿ ಒಂದು ಕೋರಿಕೆ. ಬೆಟ್ಟಕ್ಕೆ ಹೋಗುವವರು ಹುಲಿ, ಆನೆ, ಮಂಜುಗಳ ಜೊತೆಗೆ ಪೋಡಿನ ಅಡುಗೆಮನೆಯನ್ನೂ ತೋರಿಸಿ, ಚೆಕ್‌ಪೋಸ್ಟಿನಲ್ಲಿ ನಡೆಯುವ ಮಾತನ್ನೂ ಕೇಳಿಸಿ. ಸಾಧ್ಯವಾದರೆ ಕ್ಯಾಮೆರಾವನ್ನು ಸೋಲಿಗರ ಮಕ್ಕಳ ಕೈಗೇ ಕೊಡಿ.