ಏಕಾಕಿ ಸಂಚಾರದ ನಿಕಷ: ಯೋಗ್ಯಕರ್ತಾ ನಗರ

ಒಬ್ಬರೇ ದೇಶ ಸುತ್ತುವುದನ್ನು ಒಂದು ಸದ್ಗುಣವೆಂದೇ ಕೊಂಡಾಡುವ ಕಾಲ ಇದು. ಜೊತೆಗಾರರ ಇಷ್ಟಾನಿಷ್ಟಗಳಿಗೆ ಕಟ್ಟುಬೀಳದೆ, ಮನಸ್ಸು ಎಳೆದತ್ತ ನಡೆದು, ಬೇಕೆನಿಸಿದಲ್ಲಿ ನಿಂತು, ತನ್ನನ್ನು ತಾನು ಅರಿತುಕೊಳ್ಳುವುದೇ ಅದರ ಫಲವೆಂದು ಹೊಗಳುವವರು ಹೇಳುತ್ತಾರೆ. ಈ ಮಾತನ್ನು ಒಪ್ಪುವುದಕ್ಕೂ ತಳ್ಳಿಹಾಕುವುದಕ್ಕೂ ಮುಂಚೆ ಒರೆಗೆ ಹಚ್ಚಿ ನೋಡುವುದು ನ್ಯಾಯ. ಸಂಚಾರದ ಒಂದು ಕ್ರಮ ಉತ್ತಮವೋ ಅಲ್ಲವೋ ಎಂಬುದನ್ನು ಸಂಚಾರಿಗೆ ದೊರೆತ ಸಂತೋಷದಿಂದ ಮಾತ್ರ ಅಳೆಯಲಾಗದು; ಅವನು ಕಾಲಿಟ್ಟ ಊರಿಗೆ ಸಲ್ಲತಕ್ಕ ಕಾಲವನ್ನೂ ಗಮನವನ್ನೂ ವಿನಯವನ್ನೂ ಆ ಕ್ರಮ ಸಲ್ಲಿಸಿತೇ ಎಂಬುದೂ ಆ ಅಳತೆಗೆ ಸೇರಬೇಕು. ಇಂಥ ಪರೀಕ್ಷೆಗೆ ಜಾವಾ ದ್ವೀಪದ ಯೋಗ್ಯಕರ್ತಾ ನಗರಕ್ಕಿಂತ ತಕ್ಕ ಸ್ಥಳವನ್ನು ನಾನರಿಯೆ. ಅಲ್ಲಿಯ ಕಲೆಗಳೆಲ್ಲ ನೋಡುವವರಿಂದ ದೀರ್ಘಕಾಲದ ತಾಳ್ಮೆಯನ್ನು ಬೇಡುತ್ತವೆ; ಆದರೆ ಅವೆಲ್ಲವೂ ಹಲವರು ಕೂಡಿ ನಡೆಸುವ ಕಲೆಗಳು. ಮೊದಲನೆಯ ಗುಣ ಏಕಾಕಿಗೆ ಅನುಕೂಲ. ಎರಡನೆಯದು ಅವನ ಏಕಾಂತಕ್ಕೆ ಎದುರಾಗಿ ನಿಲ್ಲುವ ಪ್ರಶ್ನೆ.

1755ರ ಗಿಯಾಂತಿ ಒಪ್ಪಂದದಿಂದ ಮಾತರಾಂ ರಾಜ್ಯ ಎರಡಾಗಿ ಒಡೆದು, ಒಂದು ಪಾಲು ಸುರಕರ್ತಾದ ಅರಸನಿಗೂ ಇನ್ನೊಂದು ಪಾಲು ಮಂಗ್ಕುಬೂಮಿ ಎಂಬ ರಾಜಕುಮಾರನಿಗೂ ಸಂದಿತು. ಈ ಮಂಗ್ಕುಬೂಮಿಯೇ ಒಂದನೆಯ ಹಮೆಂಗ್ಕುಬುವೋನೋ ಎಂಬ ಹೆಸರಿನಿಂದ ಪಟ್ಟವೇರಿ ಯೋಗ್ಯಕರ್ತಾವನ್ನು ಕಟ್ಟಿಸಿದನು. ಉತ್ತರದಲ್ಲಿ ಹೊಗೆಯಾಡುವ ಮೆರಾಪಿ ಪರ್ವತ, ದಕ್ಷಿಣದಲ್ಲಿ ಹಿಂದೂ ಮಹಾಸಾಗರ; ಇವೆರಡರ ನಡುವೆ ತುಗು ಸ್ತಂಭ, ಕ್ರಾತನ್ ಎಂಬ ಅರಮನೆ, ಕ್ರಾಪ್ಯಾಕಿನ ಬೇಟೆಮಂಟಪ, ಈ ಮೂರೂ ಸುಮಾರು ಆರು ಕಿಲೋಮೀಟರ್ ಉದ್ದದ ಒಂದೇ ರೇಖೆಯಲ್ಲಿ ನಿಂತಿವೆ. ಕ್ರಾಪ್ಯಾಕಿನಿಂದ ಅರಮನೆಯವರೆಗಿನ ಹಾದಿ ಜನನದಿಂದ ಪ್ರೌಢತೆಯವರೆಗಿನ ಬಾಳನ್ನು ಸೂಚಿಸಿದರೆ, ತುಗುವಿನಿಂದ ಅರಮನೆಯವರೆಗಿನದು ಜೀವ ತನ್ನ ಸೃಷ್ಟಿಕರ್ತನತ್ತ ಮರಳುವುದನ್ನು ಸೂಚಿಸುತ್ತದೆ. 2023ರಲ್ಲಿ ಯುನೆಸ್ಕೊ ಈ ರೇಖೆಯನ್ನೇ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು.

ಇಂಥ ನಗರವನ್ನು ಅರಿಯಬೇಕಾದರೆ ದಕ್ಷಿಣಾರ್ಧವನ್ನು ಉತ್ತರಾಭಿಮುಖವಾಗಿಯೂ ಉತ್ತರಾರ್ಧವನ್ನು ದಕ್ಷಿಣಾಭಿಮುಖವಾಗಿಯೂ ನಡೆಯಬೇಕು. ಎರಡು ಹಾದಿಗಳೂ ಅರಮನೆಯ ಅಂಗಳದಲ್ಲೇ ಮುಗಿಯತಕ್ಕವು. ಬೆಳಗ್ಗೆ ಅರಮನೆ, ಮಧ್ಯಾಹ್ನ ದೇವಾಲಯ, ಸಂಜೆ ಮಾಲಿಯೊಬೊರೊ ಬೀದಿಯ ಅಂಗಡಿಸಾಲು ಎಂದು ಊರನ್ನು ತುಂಡುತುಂಡಾಗಿ ಕಾಣುವ ಬಸ್ಸಿನ ತಂಡಕ್ಕೆ ಈ ಅರ್ಥ ಗೋಚರಿಸುವುದಿಲ್ಲ. ಗಡಿಯಾರಕ್ಕೂ ಗುಂಪಿಗೂ ಉತ್ತರ ಹೇಳಬೇಕಾಗಿಲ್ಲದ ಒಂಟಿ ಪಾದಚಾರಿ ಮಾತ್ರ ಒಂದೇ ರೇಖೆಯ ಎರಡು ಅರ್ಧಗಳನ್ನು ಎರಡು ದಿಕ್ಕಿನಿಂದ ತುಳಿದಾನು. ಅರಮನೆಯೊಳಗೆ ಗಾಢನೀಲಿಯ ಪಟ್ಟೆಯಂಗಿ ತೊಟ್ಟು, ತಲೆಗೆ ಬ್ಲಾಂಗ್ಕೋನ್ ಎಂಬ ರುಮಾಲು ಧರಿಸಿ, ಬರಿಗಾಲಿನಲ್ಲಿ ಸುಳಿದಾಡುವ ರಾಜಸೇವಕರನ್ನು ಅವನು ಸಾವಧಾನವಾಗಿ ನೋಡಬಲ್ಲನು. ಇದು ಗತವೈಭವವನ್ನು ಕಾದಿಟ್ಟ ಸಂಗ್ರಹಾಲಯವಲ್ಲ, ಇಂದಿಗೂ ಸುಲ್ತಾನನು ವಾಸವಾಗಿರುವ, ಆತನೇ ಪ್ರಾಂತದ ರಾಜ್ಯಪಾಲನೂ ಆಗಿರುವ ಜೀವಂತ ಆಸ್ಥಾನ ಎಂಬುದು ಅಂಥ ನೋಟದಿಂದಲೇ ಮನದಟ್ಟಾಗತಕ್ಕದ್ದು. ಏಕಾಕಿ ಸಂಚಾರದ ಮೊದಲ ಗುಣ ಇದು. ಇದನ್ನು ನಾನು ನಿಸ್ಸಂಶಯವಾಗಿ ಎತ್ತಿಹಿಡಿಯುತ್ತೇನೆ.

ಈ ಗುಣದ ನಿಜವಾದ ಬೆಲೆ ತಿಳಿಯುವುದು ವಯಾಂಗ್ ಕುಲಿತ್ ಎಂಬ ತೊಗಲುಗೊಂಬೆಯ ಆಟದ ಮುಂದೆ. ಬಿಳಿಯ ಪರದೆ, ಅದರ ಹಿಂದೆ ತಲೆಯ ಮೇಲೆ ತೂಗುವ ದೀಪ, ಕೆಳಗೆ ಅಡ್ಡಲಾಗಿ ಮಲಗಿಸಿದ ಬಾಳೆದಿಂಡು. ಎಮ್ಮೆಯ ಚರ್ಮದಲ್ಲಿ ಸೂಜಿಮೊನೆಯಷ್ಟು ಸೂಕ್ಷ್ಮವಾದ ರಂಧ್ರಗಳನ್ನು ಕೊರೆದು ಮಾಡಿದ ಗೊಂಬೆಗಳನ್ನು ಆ ದಿಂಡಿಗೆ ಬಲಗಡೆಯೂ ಎಡಗಡೆಯೂ ಸಾಲಾಗಿ ಚುಚ್ಚಿರುತ್ತಾರೆ. ಚಕ್ಕಳಮಕ್ಕಳ ಹಾಕಿ ಕುಳಿತ ದಾಲಾಂಗ್ ಎಂಬ ಸೂತ್ರಧಾರನೊಬ್ಬನೇ ಅರಸನಾಗಿ ಗದರುತ್ತಾನೆ, ರಾಣಿಯಾಗಿ ಬಿನ್ನವಿಸುತ್ತಾನೆ, ರಾಕ್ಷಸನಾಗಿ ಅಬ್ಬರಿಸುತ್ತಾನೆ. ಎಡಗೈಯಲ್ಲಿ ಹಿಡಿದ ಮರದ ಕೊಡತಿಯಿಂದ ಪಕ್ಕದ ಪೆಟ್ಟಿಗೆಯನ್ನು ತಟ್ಟಿ ಬೆನ್ನ ಹಿಂದಿನ ವಾದ್ಯಮೇಳಕ್ಕೆ ಸನ್ನೆಕೊಡುತ್ತಾನೆ. ರಾತ್ರಿಯಿಂದ ಬೆಳಗಿನವರೆಗಿನ ಈ ಆಟ ನೆಮ್, ಸಾಂಗ, ಮನ್ಯೂರ ಎಂಬ ಮೂರು ಸ್ವರಘಟ್ಟಗಳಲ್ಲಿ ಸಾಗುತ್ತದೆ. ಮೊದಲ ಘಟ್ಟದಲ್ಲಿ ಆಸ್ಥಾನದ ಗಂಭೀರ ಸಂಭಾಷಣೆ ನಿಧಾನವಾಗಿ ನಡೆದು, ನಡುರಾತ್ರಿಗೆ ಲೋಕವೇ ಕದಡಿದಂತೆ ವರ್ಣನೆ ಬಂದು, ಸೇವಕನಾದ ಸೆಮಾರನೂ ಅವನ ಮಕ್ಕಳಾದ ಗಾರೆಂಗ್, ಪೆತ್ರುಕ್, ಬಾಗೊಂಗರೂ ಪ್ರವೇಶಿಸಿ ನಗೆಯನ್ನೂ ಊರಿನ ಸುದ್ದಿಯನ್ನೂ ಧರ್ಮವಿಚಾರವನ್ನೂ ಒಟ್ಟಿಗೆ ತರುತ್ತಾರೆ. ಯುದ್ಧ ಮುಗಿದು ನ್ಯಾಯ ನೆಲೆಗೊಳ್ಳುವ ಹೊತ್ತಿಗೆ ಹೊರಗೆ ಬೆಳಕು ಹರಿಯುತ್ತಿರುತ್ತದೆ.

1935ರಲ್ಲಿ ತೆರೆದ ಸೊನೊಬುಡೊಯೊ ಸಂಗ್ರಹಾಲಯದಲ್ಲಿ ಪ್ರವಾಸಿಗಳ ಅನುಕೂಲಕ್ಕಾಗಿ ಸಂಜೆಯ ಹೊತ್ತು ಸುಮಾರು ಎರಡು ಗಂಟೆಯ ಪ್ರಸಂಗವನ್ನು ಆಡಿಸುವುದುಂಟು. ಅದು ಪ್ರಾಮಾಣಿಕವಾದ ಪರಿಚಯ, ಅದನ್ನು ಹೀಗಳೆಯಲಾರೆ. ಆದರೆ ಯಕ್ಷಗಾನದ ಒಡ್ಡೋಲಗವನ್ನು ಮಾತ್ರ ನೋಡಿ ಎದ್ದುಹೋದವನಿಗೆ ಬೆಳಗಿನ ಜಾವದ ಭಾಗವತಿಕೆಯ ರುಚಿ ಹೇಗೆ ತಿಳಿಯದೋ ಹಾಗೆ ಇಲ್ಲಿಯೂ ನಡುರಾತ್ರಿಯ ಸೆಮಾರನನ್ನು ಕಾಯದವನಿಗೆ ವಯಾಂಗ್ ದೊರೆಯದು. ಕಾಯುವ ಸ್ವಾತಂತ್ರ್ಯ ಒಂಟಿಗನಿಗೆ ಇದೆ. ಪಕ್ಕದಲ್ಲಿ ಆಕಳಿಸುವವರಿಲ್ಲ, ಊಟಕ್ಕೆ ಕರೆಯುವವರಿಲ್ಲ. ಹಾಗಿದ್ದೂ ಬಹುಮಂದಿ ಒಂಟಿ ಪ್ರವಾಸಿಗಳು ಅರ್ಧ ಗಂಟೆಯೊಳಗೆ ಎದ್ದುಹೋಗುತ್ತಾರೆ. ಏಕೆಂದರೆ ಮುಂಜಾನೆ ಸೂರ್ಯೋದಯದ ಚಿತ್ರ ತೆಗೆಯಲು ಹೊರಡುವ ಜೀಪು ಅವರಿಗಾಗಿ ಕಾದಿರುತ್ತದೆ. ಗುಂಪಿನ ಕಟ್ಟಳೆಯಿಂದ ಬಿಡಿಸಿಕೊಂಡು ವೇಳಾಪಟ್ಟಿಯ ಕಟ್ಟಳೆಗೆ ಸಿಕ್ಕಿಬಿದ್ದ ಇಂಥವರಿಗೆ ಏಕಾಂತ ದೊರೆಯಿತು, ಅವಕಾಶ ದೊರೆಯಲಿಲ್ಲ.

ಭಾರತೀಯ ಸಂಚಾರಿಗೆ ಏಕಾಕಿತನದಿಂದ ಇನ್ನೊಂದು ವಿಶೇಷ ಲಾಭವುಂಟು. ಜಾವಾದಲ್ಲಿ ರಾಮನೂ ಅರ್ಜುನನೂ ಎದುರಾದಾಗ ‘ಇದೆಲ್ಲ ನಮ್ಮಿಂದ ಹೋದದ್ದು’ ಎಂದು ಹಿಗ್ಗುವ ಅಭ್ಯಾಸ ನಮ್ಮಲ್ಲಿ ಬಲವಾಗಿದೆ. ಸ್ವದೇಶದ ನಾಲ್ವರು ಜೊತೆಗಿದ್ದರೆ ಆ ಹಿಗ್ಗು ಪರಸ್ಪರ ಅನುಮೋದನೆಯಿಂದ ಇನ್ನಷ್ಟು ಊದಿಕೊಳ್ಳುತ್ತದೆ. ಒಬ್ಬನೇ ಕುಳಿತು ನೋಡಿದವನಿಗೆ ಕ್ರಮೇಣ ಭಿನ್ನತೆ ಕಾಣತೊಡಗುತ್ತದೆ. ಅಲ್ಲಿಯ ಆಟದಲ್ಲಿ ದ್ರೌಪದಿ ಐವರ ಪತ್ನಿಯಲ್ಲ, ಧರ್ಮರಾಯನೊಬ್ಬನ ಪತ್ನಿ. ಶ್ರೀಕಂಡಿ ಎಂಬ ಹೆಸರಿನ ಶಿಖಂಡಿ ಬಿಲ್ಲುವಿದ್ಯೆಯಲ್ಲಿ ಪಳಗಿದ ವೀರಸ್ತ್ರೀ, ಅರ್ಜುನನ ಮಡದಿ. ಸೆಮಾರನಂತೂ ಸೇವಕನ ವೇಷದಲ್ಲಿರುವ ದೈವ, ಭಾರತದ ಯಾವ ಮೂಲಗ್ರಂಥದಲ್ಲಿಯೂ ಅವನಿಲ್ಲ. ಇದನ್ನು ಮೂಲದಿಂದ ಜಾರಿದ ಪಾಠವೆಂದು ಕನ್ನಡಿಗನು ಮೂಗುಮುರಿಯಲಾರನು. 941ರಲ್ಲಿ ನಮ್ಮ ಪಂಪನೇ ವಿಕ್ರಮಾರ್ಜುನ ವಿಜಯದಲ್ಲಿ ದ್ರೌಪದಿಯನ್ನು ಅರ್ಜುನನೊಬ್ಬನಿಗೆ ಒಪ್ಪಿಸಿದನಲ್ಲವೇ? ತನ್ನ ಕಾಲದ, ತನ್ನ ಅರಸನ, ತನ್ನ ನಾಡಿನ ಅಗತ್ಯಕ್ಕೆ ಮಹಾಕಥೆಯನ್ನು ಮತ್ತೆ ಕಟ್ಟುವ ಅಧಿಕಾರವನ್ನು ಪಂಪನಿಗೆ ಕೊಟ್ಟ ನಾವು ಜಾವಾದವರಿಗೆ ಕೊಡದಿರುವುದು ಸಲ್ಲ. ಇಸ್ಲಾಂ ಧರ್ಮವನ್ನು ನಿಷ್ಠೆಯಿಂದ ಆಚರಿಸುವ ಜನ ಪಾಂಡವರ ಕಥೆಯನ್ನು ರಾತ್ರಿಯಿಡೀ ಕೇಳುತ್ತಾರೆ, ಪ್ರವಾದಿಯ ಜನ್ಮಮಾಸದಲ್ಲಿ ಅರಮನೆಯ ಎರಡು ಪವಿತ್ರ ವಾದ್ಯಮೇಳಗಳನ್ನು ಮಹಾಮಸೀದಿಯ ಅಂಗಳಕ್ಕೆ ತಂದು ನುಡಿಸುತ್ತಾರೆ. ಇದನ್ನು ಕಣ್ಣಾರೆ ಕಂಡಲ್ಲಿ ದಾನಿಯ ಗರ್ವ ಅಳಿದು ನೆರೆಯವನ ಗೌರವ ಹುಟ್ಟುತ್ತದೆ.

ಇನ್ನು ಏಕಾಂತದ ಮಿತಿಯ ಮಾತು. ಅದನ್ನು ಕಲಿಸುವುದು ಗಾಮೆಲಾನ್ ಎಂಬ ಈ ವಾದ್ಯಮೇಳವೇ. ಅದರಲ್ಲಿ ಸಾರೋನ್ ಎಂಬ ಲೋಹಪಟ್ಟಿಗಳ ವಾದ್ಯ ಸ್ವರದ ಅಸ್ಥಿಪಂಜರವನ್ನು ನುಡಿಸುತ್ತದೆ, ಬೊನಾಂಗ್ ಅದನ್ನು ಮುಂದಾಗಿ ಸೂಚಿಸುತ್ತದೆ, ರೆಬಾಬ್ ಕಮಾನಿನಿಂದ ಬಳುಕಿಸುತ್ತದೆ, ಕೆಂಡಾಂಗ್ ಮದ್ದಳೆ ಲಯವನ್ನು ಹಿಗ್ಗಿಸಿ ಕುಗ್ಗಿಸುತ್ತದೆ. ಆವರ್ತದ ಕೊನೆಯಲ್ಲಿ ಮಹಾಜಾಗಟೆ ಒಮ್ಮೆ ಮೊಳಗಿ ಎಲ್ಲವನ್ನೂ ಒಂದಾಗಿ ಮುಗಿಸುತ್ತದೆ. ಐದು ಸ್ವರಗಳ ಸ್ಲೆಂಡ್ರೊ, ಏಳು ಸ್ವರಗಳ ಪೆಲೋಗ್ ಎಂದು ಶ್ರುತಿಕ್ರಮ ಎರಡು. ಆದರೆ ಒಂದು ಮೇಳದ ಶ್ರುತಿ ಇನ್ನೊಂದರ ಶ್ರುತಿಗೆ ಹೊಂದುವುದಿಲ್ಲವಾದ್ದರಿಂದ, ಒಂದರ ವಾದ್ಯವನ್ನು ಇನ್ನೊಂದರಲ್ಲಿ ಸೇರಿಸಲಾಗದು. ತನ್ನ ಮೇಳವನ್ನು ಬಿಟ್ಟರೆ ವಾದ್ಯಕ್ಕೆ ಮನೆಯಿಲ್ಲ. ಮೇಳದೊಳಗೆ ಯಾವ ವಾದ್ಯವೂ ಒಂಟಿಯಾಗಿ ಮೆರೆಯುವುದಿಲ್ಲ. ತನ್ನನ್ನೇ ಕಂಡುಕೊಳ್ಳಲೆಂದು ಹೊರಟವನಿಗೆ ಈ ಸಂಗೀತ ಏನನ್ನೂ ಕೊಡಲಾರದು. ಇತರರಿಗೆ ಕಿವಿಗೊಟ್ಟು ತನ್ನ ಸರದಿಗಾಗಿ ಕಾಯಬಲ್ಲವನಿಗೆ ಅದು ಬಹಳವನ್ನು ಕೊಡುತ್ತದೆ. ಊರಿನ ಊಟದ ರೀತಿಯಲ್ಲಿಯೂ ಇದೇ ಪಾಠವಿದೆ: ಆಂಗ್ಕ್ರಿಂಗನ್ ಎಂಬ ತಳ್ಳುಗಾಡಿಯ ಸುತ್ತಲಿನ ಬೆಂಚಿನ ಮೇಲೆ, ಅಂಗೈಯಷ್ಟು ಅನ್ನದ ಪೊಟ್ಟಣವನ್ನೂ ಶುಂಠಿಯ ಪಾನಕವನ್ನೂ ಹಿಡಿದವನು ಅಪರಿಚಿತರ ಭುಜಕ್ಕೆ ಭುಜ ತಗುಲಿಸಿಯೇ ಕೂರಬೇಕು, ಅಲ್ಲಿ ಒಬ್ಬರಿಗೆಂದು ಬೇರೆ ಮೇಜಿಲ್ಲ.

ಒಂಟಿ ಪಯಣದ ಆದರ್ಶವೇನೆಂಬುದನ್ನು ನಗರದಿಂದ ಸುಮಾರು ನಲವತ್ತು ಕಿಲೋಮೀಟರ್ ದೂರದ ಬೊರೊಬುದುರ್ ಶಿಲೆಯಲ್ಲೇ ಕೆತ್ತಿಟ್ಟಿದೆ. ಒಂಬತ್ತನೆಯ ಶತಮಾನದ ಈ ಮಹಾಸ್ತೂಪದಲ್ಲಿ 2,672 ಶಿಲಾಫಲಕಗಳಿವೆ. ಮೊದಲ ಪ್ರದಕ್ಷಿಣಪಥದ ಒಂದು ಸಾಲಿನಲ್ಲಿ ಬುದ್ಧನ ಚರಿತೆಯಿದೆ. ಮೇಲಿನ ಪಥಗಳಲ್ಲಿ ಗಂಡವ್ಯೂಹ ಸೂತ್ರದ ಸುಧನಕುಮಾರನ ಯಾತ್ರೆ. ಜ್ಞಾನವನ್ನರಸಿ ಹೊರಟ ಈ ತರುಣ ಐವತ್ತಕ್ಕೂ ಹೆಚ್ಚು ಕಲ್ಯಾಣಮಿತ್ರರ ಬಳಿಗೆ ಹೋಗುತ್ತಾನೆ. ಅವರಲ್ಲಿ ಭಿಕ್ಷುವಿದ್ದಾನೆ, ವರ್ತಕನಿದ್ದಾನೆ, ಅಂಬಿಗನಿದ್ದಾನೆ, ಅರಸನಿದ್ದಾನೆ, ವಸುಮಿತ್ರೆ ಎಂಬ ಗಣಿಕೆಯೂ ಇದ್ದಾಳೆ. ಶಿಲ್ಪಿ ಸುಧನನ ಹಿಂದೆ ಕೊಡೆ ಹಿಡಿದ ಪರಿವಾರವನ್ನು ಕಡೆದಿರುವುದುಂಟು. ಆದರೂ ಗುರುವಿನ ಮುಂದೆ ಕೈಮುಗಿದು ಪ್ರಶ್ನೆ ಕೇಳುವವನು ಅವನೊಬ್ಬನೇ. ಅವನು ತನ್ನನ್ನು ಮೆರೆಯಿಸಲು ಹೊರಟವನಲ್ಲ; ತನಗೆ ತಿಳಿಯದುದನ್ನು ಬಲ್ಲವರು ಎಲ್ಲಿಯಾದರೂ ಯಾವ ವೃತ್ತಿಯಲ್ಲಾದರೂ ಇರಬಹುದೆಂಬ ನಂಬಿಕೆಯಿಂದ ಹೊರಟವನು. ಫಲಕಗಳನ್ನೆಲ್ಲ ಕ್ರಮವಾಗಿ ಓದಬೇಕಾದರೆ ಹತ್ತು ಪ್ರದಕ್ಷಿಣೆ ಬೇಕು. ಈಗ ಕಲ್ಲು ಸವೆಯದಂತೆ ವಿಶೇಷ ಪಾದರಕ್ಷೆ ತೊಡಿಸಿ, ಮಿತವಾದ ಸಂಖ್ಯೆಯಲ್ಲಿ, ಮಾರ್ಗದರ್ಶಿಯೊಡನೆ, ಮಿತವಾದ ಅವಧಿಗೆ ಮಾತ್ರ ಮೇಲೆ ಬಿಡುತ್ತಾರೆ. ಒಂಟಿಗನೂ ಅಲ್ಲಿ ತಂಡದ ಸದಸ್ಯನಾಗಲೇಬೇಕು. ಈ ನಿರ್ಬಂಧ ನ್ಯಾಯವಾದದ್ದೆಂದೇ ನನ್ನ ಮತ: ಸಾವಿರ ವರ್ಷ ಬಾಳಿದ ಕಲ್ಲಿಗೆ ನಮ್ಮ ಸ್ವೇಚ್ಛೆಗಿಂತ ಹೆಚ್ಚಿನ ಹಕ್ಕುಂಟು. ಆದಕಾರಣ ದೊರೆತ ಅವಧಿಯಲ್ಲಿ ತುದಿಯ ಸ್ತೂಪಗಳಿಗೆ ಧಾವಿಸದೆ ಒಂದೇ ಪಥವನ್ನು ಪೂರ್ತಿಯಾಗಿ ನೋಡುವುದು ಮೇಲು.

ದೋಷಗಳನ್ನೂ ಮುಚ್ಚಿಡಲಾಗದು. ಜೊತೆಗಾರನಿಲ್ಲದವನ ತೀರ್ಪನ್ನು ತಿದ್ದುವವರಿಲ್ಲ. ಮೊದಲ ದಿನದ ತಪ್ಪುಕಲ್ಪನೆ ಕೊನೆಯವರೆಗೂ ಅವನ ಜೊತೆಗೆ ಉಳಿಯಬಹುದು. ಅರಮನೆ ಇಂದು ಮುಚ್ಚಿದೆಯೆಂದು ನಂಬಿಸಿ ಬಾತಿಕ್ ಬಟ್ಟೆಯ ಅಂಗಡಿಗೆ ಕರೆದೊಯ್ಯುವ ನಯವಂಚಕರಿಗೆ ಒಂಟಿಗನೇ ಸುಲಭದ ಬೇಟೆ. ಅಚ್ಚಿನ ಬಟ್ಟೆಯನ್ನು ಕೈಬರಹದ್ದೆಂದು ಮಾರಿದರೂ ಅವನಿಗೆ ತಿಳಿಯದು. ಮೇಣವನ್ನು ಕರಗಿಸಿ, ಚಾಂತಿಂಗ್ ಎಂಬ ತಾಮ್ರದ ಕೊಳವೆಯಿಂದ ಗೆರೆಗೆರೆಯಾಗಿ ಬರೆದು, ಮತ್ತೆಮತ್ತೆ ಬಣ್ಣಕ್ಕದ್ದುವ ಕುಶಲಿಯ ಪಕ್ಕದಲ್ಲಿ ಒಂದು ಪೂರ್ವಾಹ್ನ ಕುಳಿತವನು ಮಾತ್ರ ಬಟ್ಟೆಯ ಎರಡು ಮಗ್ಗುಲನ್ನೂ ತಿರುವಿ ನೋಡಲು ಕಲಿಯುತ್ತಾನೆ. ಇದಲ್ಲದೆ, ಈ ಸ್ವಾತಂತ್ರ್ಯದ ಬೆಲೆ ಎಲ್ಲರಿಗೂ ಸಮಾನವಲ್ಲ: ರಾತ್ರಿಯಿಡೀ ಆಟ ನೋಡಿ ನಸುಕಿನಲ್ಲಿ ತಂಗುದಾಣಕ್ಕೆ ಮರಳುವ ಹೆಣ್ಣುಮಗಳು ಅದೇ ಆನಂದಕ್ಕಾಗಿ ಗಂಡಸಿಗಿಂತ ಹೆಚ್ಚಿನ ಎಚ್ಚರವನ್ನು ತೆರಬೇಕಾಗುತ್ತದೆ. ಒಂಟಿ ಪಯಣವನ್ನು ಹೊಗಳುವ ಬರಹಗಳು ಇದನ್ನು ಹೇಳದೆ ಬಿಡುವುದು ಅಪ್ರಾಮಾಣಿಕತೆ.

ಗುಣದೋಷಗಳನ್ನು ತೂಗಿದ ಮೇಲೆ ನನಗೆ ತೋರುವ ನಿರ್ಣಯ ಇಷ್ಟು. ಯೋಗ್ಯಕರ್ತಾದಂಥ ಊರಿಗೆ ಒಬ್ಬರೇ ಹೋಗುವುದು ಉತ್ತಮ ಕ್ರಮ. ಆದರೆ ಅದರ ಉತ್ತಮತೆ ಒಬ್ಬರೇ ಇರುವುದರಲ್ಲಿಲ್ಲ, ಒಬ್ಬರೇ ಬಂದುದರಿಂದ ಇತರರ ಮೇಳಕ್ಕೆ ಸೇರುವ ದಾರಿ ತೆರೆಯುವುದರಲ್ಲಿದೆ. ನೋಡತಕ್ಕ ಸ್ಥಳಗಳ ಪಟ್ಟಿಯನ್ನು ಅರ್ಧಕ್ಕಿಳಿಸಿ, ಉಳಿಸಿದ ಕಾಲವನ್ನು ಒಂದು ಇಡೀ ರಾತ್ರಿಯ ವಯಾಂಗಿಗೂ ಒಂದು ಗಾಮೆಲಾನ್ ಅಭ್ಯಾಸಶಾಲೆಗೂ ಒಬ್ಬ ಬಾತಿಕ್ ಕುಶಲಿಯ ಜಗಲಿಗೂ ಕೊಡಲು ಸಿದ್ಧನಿರುವವನು ನಿಶ್ಚಿಂತೆಯಿಂದ ಒಬ್ಬನೇ ಹೊರಡಲಿ. ಕೊಡಲಾರದವನಿಗೆ ಗುಂಪಿನ ಬಸ್ಸೇ ಸಾಕು, ಅವನು ಕಳೆದುಕೊಳ್ಳುವುದು ಹೆಚ್ಚೇನೂ ಇಲ್ಲ.